ನೆರೆಯ ತುಂಡು

ಡಿಸೆಂಬರಿನ ಮೊದಲ ಗಟ್ಟಿ ಚಳಿ ಬಿದ್ದು ನೆಲ ಕಲ್ಲಾಗಿತ್ತು. ಅಂಗಳದ ಮೂಲೆಯ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಕೊಟ್ಟಿಗೆಯ ಗೋಡೆಗೆ ಏಣಿ ಒರಗಿತ್ತು. ಆಲ್ಸಿದ್ ಮತ್ತು ಅವನ ಹೆಂಡತಿ ಜರ್ಮೇನ್ ಹಂದಿಯನ್ನು ಹುಲ್ಲಿನ ಮೇಲೆ ಕೆಡವಿದ್ದರು. ಅವನು ಅದರ ಪಕ್ಕೆಯ ಮೇಲೆ ಮಂಡಿಯೂರಿದ್ದ, ಅವಳು ಹಿಂಗಾಲಿನ ಹಗ್ಗಕ್ಕೆ ಜೋತುಬಿದ್ದಿದ್ದಳು. ಆಲ್ಸಿದನ ತಂಗಿ ರೊಲಾಂದ್ ಕುತ್ತಿಗೆಯ ಬಳಿ ಅಗಲ ಬೋಗುಣಿ ಹಿಡಿದು ಕೂತಿದ್ದಳು, ಅಂಗಿಯ ಬಲತೋಳನ್ನು ಮೊಣಕೈ ದಾಟುವಂತೆ ಮಡಿಚಿಕೊಂಡು. ಚೂರಿ ಒಳಹೋಗಿ ಹೊರಬಂದದ್ದೇ ರಕ್ತ ಬುಳಕ್ಕೆಂದು ಬೋಗುಣಿಗೆ ಬಿತ್ತು, ಒಂದು ಕ್ಷಣ ನಿಂತಿತು, ಹಂದಿ ಉಸಿರೆಳೆದಾಗ ಮತ್ತೆ ಬಿತ್ತು. ಅವಳು ಕೈಯಿಳಿಸಿ ತಿರುವತೊಡಗಿದಳು. ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ್ದು ಕರುಳಿಗೆ ತುಂಬುವ ರಕ್ತದ ಕಡುಬಿಗೆ ಆಗುವುದಿಲ್ಲ. ಕಿವಿಯ ತುದಿ ಚಳಿಗೆ ಸತ್ತುಹೋಗಿರುವಾಗ ಮಣಿಕಟ್ಟಿನ ಸುತ್ತ ಆ ಬಿಸಿ ಹಿತವಾಗಿತ್ತು. ಹಿತವಾಗಿದೆ ಎನ್ನುವುದೇ ಅವಳಿಗೆ ಹೇಸಿಗೆಯಾಯಿತು. ಬೆರಳ ಸಂದಿಗೆ ಎಳೆಗಳು ಸುತ್ತಿಕೊಳ್ಳುತ್ತಿದ್ದವು, ತೆಳ್ಳಗೆ, ಜಿಗುಟಾಗಿ, ಬಾಚಣಿಗೆಯಿಂದ ಎಳೆದ ಕೂದಲಿನ ಹಾಗೆ. ಎಷ್ಟು ಕೊಡವಿದರೂ ಒಂದೆಳೆ ಉಂಗುರದ ಬೆರಳಿಗೆ ಅಂಟಿಕೊಂಡೇ ಇತ್ತು.

"ಚೆನ್ನಾಗಿ ತಿರುವೇ," ಆಲ್ಸಿದ್ ಅಂದ. "ನಿದ್ದೆ ಮಾಡ್ತಾ ತಿರುವಬೇಡ. ಹೋದ ವರ್ಷ ಗಂಟುಗಂಟಾಗಿತ್ತು."

"ನೀನೇ ಕೈಹಾಕು ಹಾಗಾದ್ರೆ."

"ನಾನಾ? ಗಂಡಸು ಕೈಹಾಕಿದ್ರೆ ಪೆರಿನಜ್ಜಿ ಸಮಾಧಿಯಿಂದ ಎದ್ದು ಬಂದಾಳು." ಅವನು ನಕ್ಕ. ಅವನ ಉಸಿರು ಹೊಗೆಯಾಗಿ ಹಂದಿಯ ಉಸಿರಿನ ಹೊಗೆಯೊಳಗೆ ಕಲೆಯಿತು. ಆಮೇಲೆ ಅವನದೊಂದೇ ಉಳಿಯಿತು.

ಈ ಮನೆಯಲ್ಲಿ ರಕ್ತ ತಿರುವುವುದು ಮನೆಯ ಹೆಣ್ಣುಮಗಳು. ಸೊಸೆಯರಲ್ಲ, ಜರ್ಮೇನ್ ಈ ಮನೆಗೆ ಬಂದು ತಲೆ ನರೆತರೂ ಬೋಗುಣಿಯ ಹತ್ತಿರ ಸುಳಿದಿಲ್ಲ, ಅದನ್ನು ಅವಳು ಪುಣ್ಯವೆಂದೇ ತಿಳಿದಿದ್ದಾಳೆ. ರೊಲಾಂದಳಿಗೆ ಮೊದಲು ಅವಳ ತಾಯಿ ಆಲ್ಬೆರ್ತ, ಅದಕ್ಕೂ ಮೊದಲು ಅಜ್ಜಿ ಎಕ್ಸಿಲ್ದ, ಹಾಗೆ ತಾಯಿಯಿಂದ ಮಗಳಿಗೆ ಹಿಂದೆ ಹಿಂದೆ ಹೋದರೆ ಹಡಗಿನಿಂದಿಳಿದ ಪೆರಿನ್ ಮೊರಾನ್. ಮುನ್ನೂರೈವತ್ತು ವರ್ಷ ಹಿಂದೆ ರಾಜನ ಖರ್ಚಿನಲ್ಲಿ ಫ್ರಾನ್ಸಿನಿಂದ ಇಲ್ಲಿಗೆ, ಕೆಬೆಕ್ಕಿಗೆ, ಹೆಣ್ಣಿಲ್ಲದ ಗಂಡಸರ ನಾಡಿಗೆ, ಮದುವೆಯಾಗಲೆಂದು ಬಂದವಳು. ರಾಜನ ಮಗಳು ಎಂದು ಊರಿನವರು ಕರೆಯುತ್ತಾರೆ. ಪ್ರತಿ ಬೇಸಿಗೆಯಲ್ಲೂ ಊರ ಹುಡುಗಿಯೊಬ್ಬಳಿಗೆ ಬಿಳಿ ಟೊಪ್ಪಿಗೆ, ನೀಲಿ ಲಂಗ ತೊಡಿಸಿ ನದಿಯ ದಂಡೆಯಲ್ಲಿ ದೋಣಿಯಿಂದ ಇಳಿಸುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ರೊಲಾಂದಳೂ ಹದಿನಾರರಲ್ಲಿ ಹಾಗೆ ಇಳಿದಿದ್ದಳು. ದಡದ ಕೆಸರಿನಲ್ಲಿ ಹೆಜ್ಜೆ ಹೂತು ಬಿಳಿ ಕಾಲುಚೀಲ ಕಪ್ಪಾಗಿತ್ತು, ನೀರಿಳಿದ ಹೊತ್ತಿನ ಕೊಳೆತ ಪಾಚಿಯ ವಾಸನೆ ಮೂಗಿಗೆ ಹೊಡೆದಿತ್ತು, ಆದರೂ ಅವಳು ನಗುತ್ತಲೇ ಇದ್ದಳು. ದಡದ ಮೇಲೆ ಎಲ್ಲರ ಹಿಂದೆ, ಮೊಟ್ಟೆಯ ಬುಟ್ಟಿ ಹಿಡಿದು, ಅವಳ ವಯಸ್ಸಿನವಳೇ ಆದ ರೆಜಾನ್ ನಿಂತಿದ್ದಳು. ಅವಳು ಚಪ್ಪಾಳೆ ತಟ್ಟಿದ್ದಳೇ? ಎರಡೂ ಕೈಯಲ್ಲಿ ಬುಟ್ಟಿ ಇದ್ದಾಗ ಹೇಗೆ ತಟ್ಟುತ್ತಾಳೆ. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಬಂದೇ ಇರಲಿಲ್ಲ. ಮೊನ್ನೆ ಪಟ್ಟಣದಿಂದ ಫೋನು ಬಂದ ಮೇಲೆ ಬಂತು.

ಹಂದಿಯ ಮೈಗೆ ಕುದಿನೀರು ಹೊಯ್ದು ಆಲ್ಸಿದ್ ಮತ್ತು ಜರ್ಮೇನ್ ಕೂದಲು ಹೆರೆಯತೊಡಗಿದರು. ಬೆಂದ ಚರ್ಮದ, ಒದ್ದೆ ಕೂದಲಿನ ನಾತ ಅಂಗಳ ತುಂಬಿತು. ರೊಲಾಂದ್ ಬೋಗುಣಿಗೆ ಉಪ್ಪು ಹಾಕಿ ತಿರುವುತ್ತಲೇ ಇದ್ದಳು.

"ಇವತ್ತು ಆ ರೆಜಾನ್ ಮನೆಗೆ ಹೋಗಿ ಹೇಳಿಬಿಡು," ಆಲ್ಸಿದ್ ಅಂದ, ತಲೆಯೆತ್ತದೆ. "ಹೊಂದಲಿಲ್ಲ ಅಂತ. ಅಷ್ಟೆ. ಒಂದು ಮಾತು."

"ಹೊಂದಿದೆ ಅಂದ್ರಲ್ಲ ಅವರು."

"ಅವರು ಅಂದದ್ದು ನಿನ್ನ ಕಿವಿಗೆ. ಅವಳ ಕಿವಿಗಲ್ಲ." ಹೆರೆಯುವ ಲೋಹದ ಬಟ್ಟಲನ್ನು ಅವನು ಹಂದಿಯ ಕೆನ್ನೆಯ ಮೇಲೆ ಕರಕರ ಎಳೆದ. "ಯಾಕೆ ತಗೊಂಡ್ವಿ ಅವಳ ಉಗುಳು? ನಮ್ಮದಲ್ಲ ಅಂತ ತೋರಿಸೋದಕ್ಕೆ ತಾನೆ? ಹಾಗಾದ್ರೆ ನಮ್ಮದಲ್ಲ. ಮುಗೀತು."

"ಅದು ಹಾಗಲ್ಲ, ಆಲ್ಸಿದ್—"

"ಬಲಿಪೀಠದಾಣೆ, ರೊಲಾಂದ್! ಬೇಸಿಗೇಲಿ ಬಿಷಪ್ಪು ಬಂದು ಪೆರಿನಜ್ಜಿ ನೆನಪಿನ ಕಲ್ಲು ನಿಲ್ಲಿಸ್ತಾರೆ. ಆ ಕಲ್ಲಿನ ಮುಂದೆ ಆ ಮೊಟ್ಟೆ ಮಾರೋಳನ್ನ ನಿಲ್ಲಿಸಿ, ನಮ್ಮ ದೊಡ್ಡಮ್ಮ ಸನ್ಯಾಸಿನಿ ಮರೀಆಂಜ್ ಮೊಮ್ಮಗಳು ಇವಳು ಅಂತ ಪರಿಚಯ ಮಾಡಿಕೊಡ್ಲಾ?"

ಜರ್ಮೇನ್ ಶಿಲುಬೆಯ ಗುರುತು ಮಾಡಿಕೊಂಡಳು, ಒದ್ದೆ ಕೈಯಲ್ಲೇ. ಹಣೆಯ ಮೇಲೆ ಒಂದು ಹಂದಿಗೂದಲು ಅಂಟಿತು.

ಆಲ್ಸಿದ್ ಪೆರಿನಳ ಸಂತತಿಯವರ ಸಂಘಕ್ಕೆ ಅಧ್ಯಕ್ಷ. ವಂಶ ಹುಡುಕುವ ಕೆಲಸ ರೊಲಾಂದಳದು. ಊರ ಅಂಚೆ ಕಚೇರಿಯ ಕೆಲಸದಿಂದ ನಿವೃತ್ತಳಾದ ಮೇಲೆ ಅವಳು ಬೇರೇನನ್ನೂ ಮಾಡಿಲ್ಲ. ಇಗರ್ಜಿಗಳ ತಣ್ಣನೆಯ ಕೋಣೆಗಳಲ್ಲಿ ಕೂತು ಹಳೆಯ ಪುಸ್ತಕಗಳಲ್ಲಿ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಹಿಡಿದುಕೊಂಡು ಹಿಂದಕ್ಕೆ ಹೋಗಿದ್ದಳು. ಕಾಗದ ಸಾಲದು, ಈಗ ಉಗುಳಿನ ಪರೀಕ್ಷೆ ಬೇಕು ಎಂದು ಸಂಘದಲ್ಲಿ ತೀರ್ಮಾನವಾಯಿತು. ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುವ ಗುರುತೊಂದು ಮೈಯೊಳಗೆ ಇರುತ್ತದಂತೆ. ಹೊಕ್ಕುಳಬಳ್ಳಿ ಕತ್ತರಿಸಿದರೂ ಕತ್ತರಿಸದೆ ಉಳಿಯುವ ಬಳ್ಳಿ. ಆಗ ಯಾರೋ ಕುಹಕವಾಗಿ ಅಂದರು: ಊರಿನ ಈ ಎರಡನೇ ಸಾಲಿನ ಮನೆಗಳೆಲ್ಲ ಒಂದಕ್ಕೊಂದು ನಂಟು, ಯಾರ ಉಗುಳು ನೋಡಿದರೂ ಒಂದೇ ಬಂದೀತು, ಅದೇನು ದೊಡ್ಡ ಸಾಕ್ಷಿ. ಆಲ್ಸಿದನ ಮೂಗಿನ ಹೊಳ್ಳೆ ಅರಳಿತು. ಹಾಗಾದರೆ ಖಂಡಿತವಾಗಿ ನಮ್ಮದಲ್ಲದ ಒಂದು ಉಗುಳನ್ನೂ ಜೊತೆಗೆ ಕಳಿಸೋಣ, ವ್ಯತ್ಯಾಸ ಕಾಣಲಿ ಎಂದ. ಖಂಡಿತವಾಗಿ ನಮ್ಮದಲ್ಲದ್ದು ಎಂದಾಗ ಇಡೀ ಸಭೆಗೆ ಒಂದೇ ಮನೆ ನೆನಪಾಯಿತು. ರಸ್ತೆಯಾಚೆಯ ಮನೆ. ರೆಜಾನಳ ತಾಯಿ ಒರೋರ್ ಕೆಬೆಕ್ಕಿನ ಸನ್ಯಾಸಿನಿಯರ ಅನಾಥಾಲಯದಿಂದ ತಂದ ಕೂಸು. ಎಕ್ಸಿಲ್ದಜ್ಜಿ ಕರುಣೆಯಿಂದ ತಂದು ಸಾಕಿದ್ದು. ಯಾರ ಮಗಳೋ, ಯಾವ ಬೀದಿಯದೋ. ಅದಕ್ಕಿಂತ ಪರಕೀಯವಾದ ರಕ್ತ ಈ ಸಾಲಿನಲ್ಲಿ ಸಿಗುವುದಿಲ್ಲ.

ಸೆಪ್ಟೆಂಬರಿನಲ್ಲಿ ರೊಲಾಂದ್ ಉಗುಳು ಹಿಡಿಯುವ ಕೊಳವೆ ತೆಗೆದುಕೊಂಡು ರಸ್ತೆ ದಾಟಿದಳು. ಜೀವನದಲ್ಲಿ ಮೊದಲ ಸಲ ಆ ಮನೆಯ ಅಡುಗೆಮನೆಯಲ್ಲಿ ಕೂತಳು. ಮೇಜಿನ ಎಣ್ಣೆಬಟ್ಟೆ ಸವೆದು ಹೂಗಳು ಮಾಸಿದ್ದವು. ಅವಳು ಕುರ್ಚಿಯ ತುದಿಯಲ್ಲಿ ಕೂತದ್ದು, ಕೋಟು ಬಿಚ್ಚದೆ ಇದ್ದದ್ದು, ಕಾಫಿಯ ಬಟ್ಟಲನ್ನು ತಿರುಗಿಸಿ ಅಂಚು ನೋಡಿದ್ದು ಎಲ್ಲವನ್ನೂ ರೆಜಾನ್ ನೋಡಿದ್ದಳು. ಏನಕ್ಕೆ ಅಂತ ಕೇಳಿದಾಗ ರೊಲಾಂದ್ ಹೇಳಿದಳು: ಹೋಲಿಸೋದಕ್ಕೆ. ಬೇರೆಯವರದು ಒಂದು ಬೇಕಾಗಿತ್ತು. ರೆಜಾನ್ ಜೋರಾಗಿ ನಕ್ಕಳು. "ಬೇರೆಯವರದಾ? ಸರಿಯಾದ ಮನೆಗೇ ಬಂದಿದ್ದೀಯ ಬಿಡು," ಅಂದು, ಬಾಯಲ್ಲಿ ಉಗುಳು ಕೂಡಿಸಿ ಕೊಳವೆಗೆ ಉಗಿದಳು. ನೊರೆನೊರೆಯಾಗಿ ಗೆರೆಯವರೆಗೆ ಬಂತು. ರೊಲಾಂದ್ ಬೇರೆ ಕಡೆ ನೋಡಿದಳು. ಮನೆಗೆ ಬಂದು ತನ್ನ ಮೇಜಿನ ಮೇಲೆ ತನ್ನದನ್ನೂ ತುಂಬಿಸುವಾಗ ಎರಡು ಕೊಳವೆಗಳು ಒಂದಕ್ಕೊಂದು ತಾಕದ ಹಾಗೆ ನಡುವೆ ಒಂದು ಲೋಟ ಇಟ್ಟಿದ್ದಳು. ಅದು ಈಗ ನೆನಪಾಗಿ, ಬೋಗುಣಿಯೊಳಗಿನ ಕೈ ಒಂದು ಕ್ಷಣ ನಿಂತಿತು. ಮತ್ತೆ ತಿರುವಿದಳು.

ಪಟ್ಟಣದ ಪ್ರಯೋಗಾಲಯದ ಹುಡುಗಿ ಫೋನಿನಲ್ಲಿ ಖುಷಿಯಿಂದ ಹೇಳಿದಳು: ಪೆರಿನ್ ಮೊರಾನಳ ಬಳ್ಳಿ ಖಚಿತವಾಯಿತು, ನಿಮ್ಮಿಬ್ಬರದೂ ಅದೇ, ಒಂದೆಳೆ ಹೆಚ್ಚುಕಡಿಮೆಯಿಲ್ಲ. ಹಾಗೇ ಉಳಿದದ್ದನ್ನೂ ನೋಡಿದ್ವಿ, ದೂರದ ನಂಟಲ್ಲ ಇದು, ಒಂದೇ ಮನೆಯೊಳಗಿನದು. ಅವರು ನಿಮ್ಮ ದೊಡ್ಡಮ್ಮನ ಮೊಮ್ಮಗಳಾ? ರೊಲಾಂದ್ ಹೂಂ ಅಂದಿದ್ದಳು, ಬಾಯಿತಪ್ಪಿ. ಹೂಂ ಅಂದ ಮೇಲೆ ತಿಳಿಯಿತು.

ದೊಡ್ಡಮ್ಮ ಅಂದರೆ ಮರೀಆಂಜ್. ಎಕ್ಸಿಲ್ದಜ್ಜಿಯ ಹಿರಿಯ ಮಗಳು. ಮುಂಗೋಣೆಯ ಗೋಡೆಯ ಮೇಲೆ, ಯೇಸುವಿನ ಹೃದಯದ ಪಟದ ಪಕ್ಕದಲ್ಲಿ, ಕಪ್ಪು ಮುಸುಕು ಹೊದ್ದು, ತುಟಿ ಬಿಗಿದು, ಗಾಜಿನ ಹಿಂದೆ. ಹದಿನೇಳರ ಹುಡುಗಿಯನ್ನು ಒಂದು ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ದೇವರು ಕರೆದ. ಅಜ್ಜಿ ಅವಳನ್ನು ಕೆಬೆಕ್ಕಿನ ಮಠಕ್ಕೆ ಬಿಟ್ಟುಬಂದಳು. ಬೇಸಿಗೆಗೆ ಮತ್ತೆ ಹೋಗಿ ಬಂದಾಗ ತೋಳಲ್ಲಿ ಅನಾಥ ಕೂಸು. ಅಜ್ಜಿಯ ಕೊನೆಯ ಮಗಳು ಆಲ್ಬೆರ್ತ ಇನ್ನೂ ಎದೆಹಾಲು ಕುಡಿಯುತ್ತಿದ್ದಳು, ಇನ್ನೊಂದು ಮೊಲೆ ಕೂಸಿಗೆ. ಒಂದು ಮಗಳನ್ನು ದೇವರಿಗೆ ಕೊಟ್ಟಳು, ಒಂದು ಅನಾಥೆಯನ್ನು ದೇವರಿಂದ ತೆಗೆದುಕೊಂಡಳು ಎಂದು ಪಾದ್ರಿ ಪ್ರವಚನದಲ್ಲಿ ಹೇಳಿದ್ದರಂತೆ. ಈ ಕತೆಯನ್ನು ರೊಲಾಂದ್ ಬಾಲ್ಯದಿಂದ ಎಷ್ಟು ಸಲ ಕೇಳಿದ್ದಳೆಂದರೆ ಅದರೊಳಗೆ ಕೇಳಿಸಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ತಂದೆ ಯಾರಿರಬಹುದು ಎಂದು ಮೊನ್ನೆ ಯೋಚಿಸಲು ಕೂತಾಗ, ಆಗ ಈ ಮನೆಯಲ್ಲಿದ್ದ ಗಂಡಸರ ಮುಖಗಳು ಹಳೆಯ ಚಿತ್ರಗಳಿಂದ ಒಂದೊಂದಾಗಿ ಎದ್ದುಬಂದವು: ಕೂಲಿಯಾಳು, ಸೋದರಮಾವ, ಅಜ್ಜ. ಅಜ್ಜನ ಮೀಸೆಯ ಹತ್ತಿರ ಬಂದಾಗ ಅವಳು ಎದ್ದುಹೋಗಿ ಮುಖ ತೊಳೆದುಕೊಂಡಿದ್ದಳು.

ಹಂದಿಯನ್ನು ತಲೆಕೆಳಗಾಗಿ ಏಣಿಗೆ ಕಟ್ಟಿ ಎತ್ತಿ ನಿಲ್ಲಿಸಿದರು. ಆಲ್ಸಿದ್ ಬಾಲದ ಬುಡದಿಂದ ಗಂಟಲವರೆಗೆ ಒಂದೇ ಗೆರೆ ಎಳೆದ. ಕರುಳು ನೀಲಿಯಾಗಿ, ಬೂದಿಯಾಗಿ, ಹೊಗೆಯಾಡುತ್ತ ಜಾರಿ ಜರ್ಮೇನ್ ಹಿಡಿದ ತೊಟ್ಟಿಗೆ ಬಿತ್ತು. ರಕ್ತ ತಣಿದಿತ್ತು, ಇನ್ನು ಹೆಪ್ಪುಗಟ್ಟುವ ಭಯವಿಲ್ಲ. ರೊಲಾಂದ್ ಕೈ ತೊಳೆದು ತೊಟ್ಟಿಯ ಮುಂದೆ ಕೂತಳು. ಕರುಳು ಮಗುಚಿ, ಒಳಗಿನದನ್ನು ಹಿಂಡಿ, ತಣ್ಣೀರಿನಲ್ಲಿ ಜಾಲಿಸಿ, ಮೊಂಡು ಚೂರಿಯ ಬೆನ್ನಿಂದ ಲೋಳೆ ಹೆರೆಯಬೇಕು. ನಾತ ಗಂಟಲಿಗೇ ಇಳಿಯುತ್ತದೆ; ಮೂರು ದಿನ ಬ್ರೆಡ್ಡಿನಲ್ಲೂ ಅದೇ ವಾಸನೆ. ಈ ಕೆಲಸ ಈ ಮನೆಯವರದಾಗಿರಲಿಲ್ಲ. ಇದು ಒರೋರಳದು. ಮದುವೆಯಾಗಿ ರಸ್ತೆಯಾಚೆ ಹೋದ ಮೇಲೂ ಅವಳು ಪ್ರತಿ ಡಿಸೆಂಬರಿನಲ್ಲಿ ಕರೆಯದೆಯೇ ಬರುತ್ತಿದ್ದಳು, ಹಿತ್ತಿಲ ಬಾಗಿಲಿಂದ. ಕೊಟ್ಟಿಗೆಯ ಮಗ್ಗುಲಲ್ಲಿ, ಗಾಳಿಗೆ ಬೆನ್ನುಕೊಟ್ಟು, ಕೆಂಪು ಕೈಗಳಲ್ಲಿ ಹೆರೆಯುತ್ತಿದ್ದಳು. ಪಕ್ಕದಲ್ಲಿ ಪುಟ್ಟ ರೆಜಾನ್ ನೀರು ಸುರಿಯುತ್ತಿದ್ದಳು. ಹೋಗುವಾಗ ಶ್ವಾಸಕೋಶ, ಗುಲ್ಮ, ಬಾಲ. ಅದು ಕೂಲಿ. ಶಾಲೆಯಲ್ಲಿ ಮಾರನೆಯ ದಿನ ರೆಜಾನ್ ಬೆಂಚಿಗೆ ಬಂದು ಕೂತರೆ ರೊಲಾಂದ್ ಮೂಗು ಮುಚ್ಚಿಕೊಳ್ಳುತ್ತಿದ್ದಳು, ಉಳಿದವರೂ ಮುಚ್ಚಿಕೊಳ್ಳುತ್ತಿದ್ದರು. ನಮ್ಮ ಮನೆಯ ಹಂದಿಯ ವಾಸನೆಗೆ. ನಮ್ಮ ಕಡುಬಿನ ಕರುಳಿನ ವಾಸನೆಗೆ.

ಅವಳಮ್ಮ ನಗುನಗುತ್ತ ಹೇಳುತ್ತಿದ್ದ ಒಂದು ಕತೆಯಿತ್ತು. ಅಮ್ಮನೂ ಒರೋರಳೂ ಹುಡುಗಿಯರಾಗಿದ್ದಾಗ, ಒಂದು ವರ್ಷ ರಕ್ತ ತಿರುವುತ್ತಿದ್ದ ಅಜ್ಜಿಗೆ ಕೆಮ್ಮು ಹತ್ತಿ ಕೈ ನಿಂತಿತಂತೆ. ಹೆಪ್ಪುಗಟ್ಟುವುದನ್ನು ಕಂಡು ಒರೋರ್ ಓಡಿಬಂದು ಕೈಹಾಕಿ ತಿರುವಿದಳಂತೆ. ಚೆನ್ನಾಗಿಯೇ ತಿರುವಿದಳು, ಅಮ್ಮನೇ ಹೇಳುತ್ತಿದ್ದಳು, ಒಂದು ಗಂಟಿಲ್ಲದ ಹಾಗೆ. ಕೆಮ್ಮು ನಿಂತ ಮೇಲೆ ಅಜ್ಜಿ ಎದ್ದು ಹುಡುಗಿಯ ಕೆನ್ನೆಗೆ ಬಾರಿಸಿ, ಬೋಗುಣಿಯನ್ನು ಎತ್ತಿ ಹಿಮದ ಮೇಲೆ ಸುರಿದಳು. "ಯಾವಳೋ ಹೆತ್ತು ಬಿಸಾಕಿದವಳ ಕೈ ಬಿದ್ದದ್ದನ್ನ ನಾವು ತಿನ್ನಬೇಕಾ?" ಆ ವರ್ಷ ಕಡುಬಿಲ್ಲ. ಬಿಳಿ ಹಿಮದ ಮೇಲೆ ಅಷ್ಟು ದೊಡ್ಡ ಕೆಂಪು, ನಾಯಿ ಬಂದು ನೆಕ್ಕಿದ್ದು, ಒರೋರ್ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತದ್ದು. ಇಷ್ಟನ್ನೂ ಅಮ್ಮ ನಟಿಸಿ ತೋರಿಸುತ್ತಿದ್ದಳು, ಎಲ್ಲರೂ ನಗುತ್ತಿದ್ದರು. ಅಜ್ಜಿಗೆ ಗೊತ್ತಿತ್ತು. ಆ ಕೈ ಯಾರ ಕೈ ಎಂದು ಆ ಅಂಗಳದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ, ಹೊಡೆದವಳೂ ಅವಳೇ. ರೊಲಾಂದಳ ಬಾಯಿಗೆ ಹುಳಿನೀರು ಬಂತು. ತೊಟ್ಟಿಯ ಪಕ್ಕಕ್ಕೆ ಬಾಗಿ ಉಗಿದಳು.

"ಯಾಕೆ, ವಾಕರಿಕೇನಾ?" ಜರ್ಮೇನ್ ಕೇಳಿದಳು. "ಈ ವಯಸ್ಸಲ್ಲಿ ಬಸುರಾಗಿದ್ರೆ ಅದೂ ಒಂದು ಪವಾಡ ಅಂತ ಕಲ್ಲು ನಿಲ್ಲಿಸ್ತಾನೆ ನಿನ್ನಣ್ಣ."

"ಸುಮ್ನಿರು ಜರ್ಮೇನ್."

"ಸುಮ್ನಿದ್ದೀನಲ್ಲ. ನಾನು ಈ ಮನೇಲಿ ಸುಮ್ನೇ ಇರೋದು." ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಹೇಳಿದ್ರೆ ಒಂದು ತಲೆನೋವು, ಹೇಳದೇ ಇದ್ರೆ ಒಂದು. ಆದ್ರೆ ಹೇಳದ ತಲೆನೋವು ನಿನ್ನೊಬ್ಬಳಿಗೇ ಬರ್ತದೆ, ನನಗಲ್ಲ. ಅದಕ್ಕೇ ನನ್ನ ಕೇಳಿದ್ರೆ ಹೇಳಬೇಡ."

ರೊಲಾಂದ್ ಹೆರೆಯುತ್ತಲೇ ಇದ್ದಳು. ಪೆರಿನಳನ್ನು ನೆನೆಯಲು ಪ್ರಯತ್ನಿಸಿದಳು. ಹಿಂದೆಲ್ಲ ಮನಸ್ಸು ಕದಡಿದಾಗ ಅವಳ ಮುಖ ನೆನೆದರೆ ಸಮಾಧಾನವಾಗುತ್ತಿತ್ತು. ಆದರೆ ಇವತ್ತು ನೀಲಿ ಲಂಗದವಳು ಬರಲಿಲ್ಲ. ಬಂದವಳು ಹಡಗಿನ ಹೊಟ್ಟೆಯಲ್ಲಿ ತನ್ನ ವಾಂತಿಯ ಮೇಲೆ ಮಲಗಿದವಳು, ಹೇನು ತುಂಬಿದ ತಲೆಯವಳು, ದಡಕ್ಕಿಳಿದ ವಾರದಲ್ಲೇ ಹಲ್ಲು, ಸೊಂಟ, ತೋಳು ನೋಡಿ ಯಾರೋ ಆರಿಸಿಕೊಂಡವಳು. ವರ್ಷವರ್ಷವೂ ಹೆತ್ತವಳು. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ತಂದೆಯ ಹೆಸರಿರಲಿಲ್ಲ, ತಾಯಿಯದೂ ಇರಲಿಲ್ಲ. ಪ್ಯಾರಿಸ್ಸಿನ ಬಡವರ ಆಸರೆಮನೆಯಲ್ಲಿ ಬೆಳೆದವಳು ಎಂದಷ್ಟೇ. ಅದನ್ನು ಮೊದಲು ಓದಿದಾಗ ರೊಲಾಂದಳಿಗೆ ಒಂದಿಷ್ಟು ಮುಜುಗರವಾಗಿತ್ತು. ಆಲ್ಸಿದನಿಗೆ ಏನೂ ಆಗಲಿಲ್ಲ. "ತಂದೆ ಇಲ್ಲದವಳಿಗೆ ರಾಜನೇ ತಂದೆ. ಕಲ್ಲಿನ ಮೇಲೆ ಹಾಗೇ ಕೆತ್ತಿಸೋಣ," ಅಂದಿದ್ದ. ಯಾವಳೋ ಹೆತ್ತು ಬಿಸಾಕಿದವಳು. ಮುನ್ನೂರೈವತ್ತು ವರ್ಷ ಹಿಂದೆ ಬಿಸಾಕಿದರೆ ಕಲ್ಲು ನಿಲ್ಲಿಸುತ್ತಾರೆ. ರಸ್ತೆಯಾಚೆ ಬಿಸಾಕಿದರೆ ಕರುಳು ಹೆರೆಯಲು ಕರೆಯುತ್ತಾರೆ. ಇದನ್ನು ಯೋಚಿಸಿದ್ದಕ್ಕೆ ತಾನೇನೋ ದೊಡ್ಡವಳಾದಂತೆ ಅನಿಸಿ, ಆ ಅನಿಸಿಕೆಯ ಮೇಲೂ ಅವಳಿಗೆ ಹೇಸಿಗೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ನೆರೆಯ ತುಂಡುಗಳನ್ನು ಕೊಯ್ಯುವ ಕೆಲಸ. ಈ ಸಾಲಿನಲ್ಲಿ ಯಾರ ಮನೆಯಲ್ಲಿ ಹಂದಿ ಬಿದ್ದರೂ ಅಕ್ಕಪಕ್ಕದ ಮನೆಗಳಿಗೆ ಒಂದೊಂದು ತುಂಡು ಹೋಗಬೇಕು. ಅವರ ಹಂದಿ ಬಿದ್ದಾಗ ಅಲ್ಲಿಂದ ಒಂದು ತುಂಡು ಬರುತ್ತದೆ. ಕೊಟ್ಟದ್ದು ಹಿಂದಿರುಗದಿದ್ದರೆ ಮಾತು ಬಿಟ್ಟ ಹಾಗೆ. ಜರ್ಮೇನ್ ಬಾಯಲ್ಲೇ ಮನೆಗಳನ್ನು ಹೇಳುತ್ತ ಹೋದಳು, ಆಲ್ಸಿದ್ ಕೊಯ್ದು ಬಟ್ಟೆಯಲ್ಲಿ ಸುತ್ತಿದ. ರಸ್ತೆಯಾಚೆಯ ಮನೆಯ ಹೆಸರು ಬರಲಿಲ್ಲ. ಯಾವತ್ತೂ ಬಂದಿಲ್ಲ. ಆದರೆ ಆ ಮನೆಯಿಂದ ತುಂಡು ಬರುವುದು ಯಾವ ವರ್ಷವೂ ತಪ್ಪಿರಲಿಲ್ಲ. ಒರೋರ್ ಮದುವೆಯಾದ ವರ್ಷದಿಂದ. ಅವಳು ಸತ್ತ ಮೇಲೆ ರೆಜಾನಳ ಕೈಯಿಂದ. ಒಳ್ಳೆಯ ತುಂಡೇ, ಬೆನ್ನಿನದು. ಅಮ್ಮ ಬಾಗಿಲಲ್ಲಿ ತೆಗೆದುಕೊಂಡು, ಉಪಕಾರವಾಯ್ತು ಅಂದು, ಬಾಗಿಲು ಹಾಕಿ, "ಬಿಜು!" ಎಂದು ಕೂಗುತ್ತಿದ್ದಳು. ಈ ಮನೆಯ ನಾಯಿಗೆ ಯಾವಾಗಲೂ ಬಿಜು ಎಂದೇ ಹೆಸರು. ಒಂದು ಸತ್ತರೆ ಇನ್ನೊಂದು ಬಿಜು. ನಾಯಿಗೆ ಹಾಕುವ ಕೆಲಸ ಪುಟ್ಟ ರೊಲಾಂದಳದಾಗಿತ್ತು, ಅವಳಿಗೆ ಅದು ಇಷ್ಟವಾಗಿತ್ತು. ಅಮ್ಮ ಸತ್ತ ಮೇಲೂ ಅವಳು ನಿಲ್ಲಿಸಲಿಲ್ಲ. ಹೋದ ವಾರ ರೆಜಾನಳ ಹಂದಿ ಬಿತ್ತು, ತುಂಡು ಬಂತು. ಅಷ್ಟರಲ್ಲಿ ಫೋನು ಬಂದಿರಲಿಲ್ಲ. ಬಂದಿದ್ದರೂ ಕೈ ತಾನಾಗಿಯೇ ನಾಯಿಯ ಕಡೆ ಹೋಗುತ್ತಿತ್ತೇನೋ.

ಅವಳು ಎದ್ದು ಏಣಿಯ ಹತ್ತಿರ ಹೋದಳು. ಹಂದಿಯ ಹೊಟ್ಟೆಯೊಳಗೆ ಕೈಹಾಕಿ, ಬೆನ್ನೆಲುಬಿಗೆ ಒಳಗಿನಿಂದ ಅಂಟಿಕೊಂಡ ಮೆತ್ತನೆಯ ಉದ್ದ ತುಂಡನ್ನು, ಮನೆಯವರಿಗೆಂದೇ ಉಳಿಸಿಕೊಳ್ಳುವುದನ್ನು, ಚೂರಿಯ ತುದಿಯಿಂದ ಬಿಡಿಸಿದಳು.

"ಏಯ್, ಅದು ನಾಳೆ ಊಟಕ್ಕೆ!" ಆಲ್ಸಿದ್ ಅಂದ.

"ರಸ್ತೆಯಾಚೆ ಹೋಗಿ ಬರ್ತೀನಿ."

ಅವನು ಅವಳನ್ನೂ ತುಂಡನ್ನೂ ನೋಡಿದ. ಆಮೇಲೆ ಅವನ ಮುಖದಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿದ್ದ ನಗು ಬಂತು, ಚೌಕಾಶಿ ಗೆದ್ದವನ ನಗು. "ಹೌದು ಹೌದು. ಒಳ್ಳೇ ಉಪಾಯ. ಬಾಯಿ ಸಿಹಿ ಮಾಡಿ ಹೇಳು. ಹೊಂದಲಿಲ್ಲ ಅಂತ."

ರಸ್ತೆಯಲ್ಲಿ ಹಿಮ ಇನ್ನೂ ಕೂತಿರಲಿಲ್ಲ, ಚಕ್ರದ ಗುರುತುಗಳು ಹೆಪ್ಪುಗಟ್ಟಿ ಪಾದಕ್ಕೆ ಚುಚ್ಚುತ್ತಿದ್ದವು. ಬಟ್ಟೆಯೊಳಗಿನ ಮಾಂಸ ಇನ್ನೂ ಬೆಚ್ಚಗಿತ್ತು. ಎದೆಗೊತ್ತಿ ಹಿಡಿದಾಗ ಮಗುವನ್ನು ಹಿಡಿದಂತಾಗಿ ತೋಳನ್ನು ದೂರ ಚಾಚಿದಳು. ಹೇಳುತ್ತೇನೆ ಎಂದುಕೊಂಡಳು. ಬಾಗಿಲು ತೆರೆದ ತಕ್ಷಣ ಹೇಳುತ್ತೇನೆ. ಹೇಳಿದ ಮೇಲೆ ರೆಜಾನಳ ಕಣ್ಣಲ್ಲಿ ನೀರು ಬರುತ್ತದೆ, ತನ್ನ ಕೈ ಹಿಡಿಯುತ್ತಾಳೆ, ಆಗ ತಾನು... ಅಲ್ಲಿಗೆ ಕಲ್ಪನೆಯನ್ನು ತುಂಡರಿಸಿದಳು. ಆ ಕಲ್ಪನೆಗೂ ದೋಣಿಯಿಂದಿಳಿದ ಹುಡುಗಿಯ ನಗುವಿನ ವಾಸನೆಯೇ ಇತ್ತು. ಹಿಂದೆ ಬಿಜು ಮೂಗೆತ್ತಿಕೊಂಡು ಬರುತ್ತಿತ್ತು.

ರೆಜಾನ್ ಬಾಗಿಲು ತೆರೆದಳು. ಮಂಡಿನೋವಿನಿಂದ ಒಂದು ಕಡೆ ವಾಲಿಕೊಂಡು ನಿಂತಿದ್ದಳು, ಕೈಗೆಲ್ಲ ಹಿಟ್ಟು.

"ಏನಪ್ಪ, ದೊಡ್ಡಮನೆ ಒಂದೇ ವರ್ಷದಲ್ಲಿ ಎರಡು ಸಲ ರಸ್ತೆ ದಾಟ್ತು! ಒಳಗೆ ಬಾ, ಚಳಿ ಹೊಡೀತದೆ. ನಾಯಿ ಆಚೆ ಇರ್ಲಿ." ಅವಳ ಕಣ್ಣು ಬಟ್ಟೆಯ ಗಂಟಿನ ಮೇಲೆ ನಿಂತಿತು. "ಅದೇನು?"

"ನೆರೆಯ ತುಂಡು."

 ರೆಜಾನ್ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿದಳು. "ನಿಮ್ಮ ಬಿಜುಗೆ ಹಿಡಿಸ್ತಾ ಹೋದ ವಾರದ್ದು? ಮೂಳೆ ತಂದು ನಮ್ಮ ಮೆಟ್ಟಿಲ ಮೇಲೇ ಕೂತು ಕಡೀತದೆ ಮಾರಾಯ್ತಿ. ಪ್ರತಿ ವರ್ಷ. ಒಳ್ಳೇ ನಾಯಿ, ಯಾರದ್ದು ತಿಂದೆ ಅಂತ ಮರೆಯಲ್ಲ."

ರೊಲಾಂದಳ ಕೆನ್ನೆ ಉರಿಯಿತು. "ಗೊತ್ತಿತ್ತಾ ನಿನಗೆ?"

"ಅಮ್ಮನಿಗೇ ಗೊತ್ತಿತ್ತು."

"ಮತ್ತೆ ಯಾಕೆ ಕಳಿಸ್ತಿದ್ರಿ?"

"ಅವರು ಕೊಡಲಿ ಬಿಡಲಿ, ನಾವು ಋಣ ಇಟ್ಕೋಬಾರದು ಅನ್ನೋಳು. ನಿಮ್ಮನೆ ಅನ್ನ ತಿಂದು ಬೆಳೆದಿದ್ಳಲ್ಲ." ರೆಜಾನ್ ತುಂಡನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟು ಬಟ್ಟೆ ಬಿಡಿಸಿದಳು. ಹುಬ್ಬು ಮೇಲೇರಿತು. "ಅಬ್ಬಾ, ಒಳಗಿನದೇ ತಂದಿದ್ದೀಯ! ಯಾರು ಸತ್ರು?" ನಕ್ಕಳು. ಆಮೇಲೆ ಕುರ್ಚಿ ಎಳೆದು ಕೂತು, ಹಗುರಾಗಿ ಕೇಳಿದಳು, "ನನ್ನ ಉಗುಳು ಏನು ಹೇಳ್ತಂತೆ? ಯಾರವಳಂತೆ ನಾನು? ಇಂಗ್ಲಿಷ್ ಸಿಪಾಯಿದಾ, ಐರಿಷ್ ಕುಡುಕಂದಾ?"

ರೊಲಾಂದ್ ಬಾಯಿ ತೆರೆದಳು. ಅಷ್ಟರಲ್ಲಿ ರೆಜಾನಳೇ ಮುಂದುವರಿಸಿದಳು, ಮಾಂಸವನ್ನು ಬೆರಳಿಂದ ಒತ್ತಿ ನೋಡುತ್ತ. "ಯಾರದಾದ್ರೂ ಆಗ್ಲಿ ಬಿಡು. ಅಮ್ಮ ನಿಮ್ಮನೇಲಿ ಕರುಳು ಹೆರೆಯುವಾಗ ನನಗೆ ಹೇಳೋಳು: ಮಗಾ, ನನ್ನ ಹೆತ್ತೋಳು ಯಾರೋ ಗೊತ್ತಿಲ್ಲ, ಅದೇ ದೇವರು ನನಗೆ ಕೊಟ್ಟಿದ್ದು. ಇವರು ನನ್ನೋರಾಗಿದ್ದು ಹೀಗೆ ನಡೆಸ್ಕೊಂಡಿದ್ರೆ ನಾನು ಬಾವಿಗೆ ಬೀಳ್ತಿದ್ದೆ. ಬೇರೆಯೋರು, ಅದಕ್ಕೇ ತಡ್ಕೊಂಡಿದ್ದೀನಿ, ಅನ್ನೋಳು." ತಲೆಯೆತ್ತಿದಳು. "ಏನಂದೆ? ಹೊಂದಲಿಲ್ಲ ತಾನೆ?"

ಒಲೆಯ ಮೇಲೆ ನೀರು ಸೂಂ ಎನ್ನುತ್ತಿತ್ತು. ಒಂದು ಮಾತು ಸಾಕಾಗಿತ್ತು, ಆಲ್ಸಿದ್ ಕೊಟ್ಟು ಕಳಿಸಿದ ಮಾತು. ಈಗ ಅದು ಕರುಣೆಯ ಮಾತೂ ಆಗಿತ್ತು. ಸತ್ತ ಒರೋರಳ ಒಂದೇ ಒಂದು ಸಮಾಧಾನವನ್ನು ಉಳಿಸುವ ಮಾತು. ಹೇಳಿದರೆ ಎಲ್ಲರಿಗೂ ಒಳ್ಳೆಯದು: ಕಲ್ಲಿಗೆ, ಬಿಷಪ್ಪಿಗೆ, ಗಾಜಿನ ಹಿಂದಿನ ಮುಖಕ್ಕೆ, ಈ ಮೇಜಿನಾಚೆ ಕೂತವಳಿಗೆ. ಸುಳ್ಳು ಇಷ್ಟು ಸಿಹಿಯಾಗಿ, ಇಷ್ಟು ಮೆತ್ತಗೆ ನಾಲಿಗೆಯ ಮೇಲೆ ಬಂದು ಕೂತದ್ದು ಕಂಡು ರೊಲಾಂದಳಿಗೆ ತಟ್ಟನೆ ಅನ್ನಿಸಿತು: ಎಕ್ಸಿಲ್ದಜ್ಜಿಗೂ ಹೀಗೇ ಆಗಿರಬೇಕು. ಅವಳೂ ಕೂಸನ್ನು ತೋಳಲ್ಲಿ ಹಿಡಿದು ಇದೇ ರಸ್ತೆಯಲ್ಲಿ ಬರುವಾಗ, ಎಲ್ಲರಿಗೂ ಒಳ್ಳೆಯದು ಎಂದೇ ಅಂದುಕೊಂಡಿರಬೇಕು.

"ಹೊಂದಿತು," ಎಂದಳು.

ರೆಜಾನ್ ನಗಲು ಹೋಗಿ ನಿಲ್ಲಿಸಿದಳು.

"ಹೊಂದಿತು ರೆಜಾನ್. ದೂರದ್ದಲ್ಲ. ನಿಮ್ಮಮ್ಮ ಅನಾಥಾಲಯದ ಕೂಸಲ್ಲ, ನಮ್ಮಜ್ಜಿಯ ಮೊಮ್ಮಗಳು. ಮರೀಆಂಜ್ ದೊಡ್ಡಮ್ಮನ ಮಗಳು."

"ಗೋಡೆ ಮೇಲಿರೋ ಸನ್ಯಾಸಿನಿ?"

"ಹೂಂ."

ರೆಜಾನ್ ತನ್ನ ಕೈಗಳನ್ನು ನೋಡಿಕೊಂಡಳು. ಅಳಿದುಳಿದ ಹಿಟ್ಟಿನ ನಡುವೆ ಬೆರಳ ತುದಿಗಳಲ್ಲಿ ಮಾಂಸದ ಕೆಂಪು ಹತ್ತಿತ್ತು. "ಆ ಗಾಜನ್ನ ಅಮ್ಮ ಪ್ರತಿ ಶನಿವಾರ ಒರೆಸ್ತಿದ್ಳು," ಎಂದಳು. "ಮದುವೆಯಾಗೋ ತನಕ. ಬಾಯಿಂದ ಹಬೆ ಊದಿ ಒರೆಸ್ಬೇಕಿತ್ತು, ಕಲೆ ಉಳಿದ್ರೆ ನಿಮ್ಮಜ್ಜಿ ಬೈಯೋಳು."

ಎದ್ದಳು. ನೀರಿನ ತೊಟ್ಟಿಯ ಹತ್ತಿರ ಹೋಗಿ, ಬೊಗಸೆಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿದಳು, ಉಗಿದಳು. ಮತ್ತೆ ಮುಕ್ಕಳಿಸಿದಳು. ಕೆಟ್ಟದ್ದೇನೋ ತಿಂದವಳ ಹಾಗೆ, ನಾಲಿಗೆಯನ್ನು ಬೆರಳಿಂದ ಉಜ್ಜಿ, ಮತ್ತೆ ಉಗಿದಳು. ರೊಲಾಂದ್ ಕೂತಲ್ಲೇ ಕೂತಿದ್ದಳು. ಪೆರಿನ್ ಮೊರಾನಳ ವಂಶಕ್ಕೆ ಸೇರಿದ್ದನ್ನು ಕೇಳಿ ಯಾರಾದರೂ ಹೀಗೆ ಬಾಯಿ ತೊಳೆದಾರು ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

"ನನ್ನ ಕ್ಷಮಿಸು ಅಂತ..."

"ಕೂತ್ಕೋಬೇಡ. ಏಳು." ರೆಜಾನಳ ದನಿ ಏರಿರಲಿಲ್ಲ. ಅವಳು ತುಂಡನ್ನು ಬಟ್ಟೆಯಲ್ಲಿ ಮತ್ತೆ ಸುತ್ತಿದಳು, ಗಂಟು ಬಿಗಿದಳು, ರೊಲಾಂದಳ ಕೈಗಿಟ್ಟಳು. "ಇದನ್ನ ತಗೊಂಡ್ಹೋಗು."

"ಇದು ನಿನ್ನ... ಇಷ್ಟು ವರ್ಷದ್ದು ಬಾಕಿ ಇತ್ತಲ್ಲ ರೆಜಾನ್, ಅದಕ್ಕೇ..."

"ನೆರೆಯ ತುಂಡು ನೆರೆಯವರಿಗೆ ಕೊಡೋದು. ಸ್ವಂತದವರಿಗೆ ತುಂಡು ಕೊಡ್ತಾರಾ ಯಾರಾದ್ರೂ? ಸ್ವಂತದವರಿಗೆ ಪಾಲು." ಅವಳು ಬಾಗಿಲು ತೆರೆದು ಹಿಡಿದಳು, ಚಳಿ ಒಳನುಗ್ಗಿತು. "ಬೇರೆಯವಳು ಅಂತ ಹೇಳಿದ್ದಿದ್ರೆ ತಗೊಳ್ತಿದ್ದೆ. ಖುಷಿಯಿಂದ ತಗೊಳ್ತಿದ್ದೆ ಕಣೇ."

ಬಾಗಿಲು ಮುಚ್ಚಿತು. ಒಳಗೆ ಮತ್ತೆ ನೀರು ಬಿಟ್ಟ ಸದ್ದು.

ರೊಲಾಂದ್ ರಸ್ತೆ ದಾಟಿದಳು. ಮಾಂಸ ಈಗ ತಣ್ಣಗಾಗಿ, ಬಟ್ಟೆ ಅಂಚಿನಲ್ಲಿ ಸೆಟೆದುಕೊಳ್ಳುತ್ತಿತ್ತು. ಬಿಜು ಅವಳ ಕೈಯನ್ನೇ ನೋಡುತ್ತ ಮುಂದೆ ಹೋಗುವುದು, ಹಿಂದೆ ಬರುವುದು ಮಾಡುತ್ತಿತ್ತು. ಅಂಗಳದಲ್ಲಿ, ಹೊರಡುವ ಮೊದಲು ಅವಳು ತುಂಬಿಟ್ಟಿದ್ದ ಕಡುಬು ಹಂಡೆಯಲ್ಲಿ ಬೇಯುತ್ತಿತ್ತು. ಈರುಳ್ಳಿ, ಲವಂಗ, ರಕ್ತದ ಬೆಚ್ಚನೆಯ ವಾಸನೆ. ಅವಳಿಗೆ ಹಸಿವಾಯಿತು.

"ಏನಂದ್ಳು?" ಆಲ್ಸಿದ್ ಕೇಳಿದ. ಅವಳ ಕೈಯಲ್ಲಿನ ಗಂಟು ನೋಡಿ ಅವನ ಮುಖ ಇಳಿಯಿತು. "ತಗೊಳ್ಲಿಲ್ವಾ? ಸೊಕ್ಕು ನೋಡು! ಇಷ್ಟು ಒಳ್ಳೇ ತುಂಡು. ಮತ್ತೇನು ಬೇಕಂತೆ ಅವಳಿಗೆ?"

ರೊಲಾಂದ್ ಅವನನ್ನು ದಾಟಿ ಹೋದಳು. ಏಣಿಯ ಮೇಲೆ ಹಂದಿ ಇನ್ನೂ ತಲೆಕೆಳಗಾಗಿ ತೂಗುತ್ತಿತ್ತು; ಅವಳು ಹೋದ ಮೇಲೆ ಆಲ್ಸಿದ್ ಬೆನ್ನೆಲುಬಿನ ಗುಂಟ ಸೀಳಿದ್ದ, ಎರಡು ಅರ್ಧಗಳು ಒಂದನ್ನೊಂದು ನೋಡುತ್ತ ಬಿಳಿಯಾಗಿ ಗಟ್ಟಿಯಾಗುತ್ತಿದ್ದವು. ಅವಳು ಬಟ್ಟೆ ಬಿಡಿಸಿ, ತುಂಡನ್ನು ಅದು ಬಂದ ಜಾಗಕ್ಕೆ ಒತ್ತಿ ನೋಡಿದಳು. ಸರಿಯಾಗಿ ಕೂತಿತು. ಕೈ ಬಿಟ್ಟರೆ ಬೀಳುತ್ತಿತ್ತು. ಕೆಳಗೆ ಬಿಜು ಬಾಲ ನೆಲಕ್ಕೆ ಬಡಿಯುತ್ತ ಕೂತು ಕಾಯುತ್ತಿತ್ತು. ಅವಳು ಕೈ ತೆಗೆಯದೆ ನಿಂತಳು.